ಎರಡು ನುಡಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಶಿವಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಅನುವಾದಕಿಯಾಗಿದ್ದೆ. ಕನ್ನಡದಲ್ಲಿ ಬರೆದುಕೊಂಡ ಹೇಳಿಕೆಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಹೇಳಿಕೆ ಕೊಟ್ಟವರ ಮುಖ ನೋಡುವ ಪ್ರಸಂಗವೇ ಇರಲಿಲ್ಲ. ಕಾಗದ ಬರುತ್ತಿತ್ತು, ಕಾಗದ ಹೋಗುತ್ತಿತ್ತು.

ಮಹದೇವಪುರದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಯಿಂದ ಗಾರೆ ಕೆಲಸದ ಶರಣಪ್ಪ ಬಿದ್ದು ಸತ್ತಿದ್ದ. ಯಾದಗಿರಿ ಕಡೆಯವನು. ಹೆಂಡತಿ ನಾಗಮ್ಮ ಅದೇ ಸೈಟಿನಲ್ಲಿ ಮರಳು ಹೊರುತ್ತಿದ್ದಳು. ಬಿದ್ದ ಕೂಡಲೇ ಪ್ರಾಣ ಹೋಯಿತೆಂದು ಸೂಪರ್‌ವೈಸರ್ ಹೇಳಿದ್ದ. ಬಹಳ ಹೊತ್ತು ಜೀವ ಇತ್ತು, ಬೇಡಿಕೊಂಡರೂ ಆಂಬುಲೆನ್ಸ್ ಕರೆಯಲಿಲ್ಲ ಎನ್ನುವುದು ನಾಗಮ್ಮನ ದೂರು. ವಿಚಾರಣೆಯೆಲ್ಲ ನಿಂತಿದ್ದು ಇದೊಂದರ ಮೇಲೆ.

ಬಿದ್ದ ಮೇಲೆ ಆತ ಎಷ್ಟು ಹೊತ್ತು ಬದುಕಿದ್ದ ಎಂದು ಅಭಿಪ್ರಾಯ ಕೊಡಬೇಕಿದ್ದ ವೈದ್ಯರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ನಾಗಮ್ಮನ ಹೇಳಿಕೆ ನನ್ನ ಮೇಜಿಗೆ ಬಂತು. ಅದರಲ್ಲಿ ಒಂದು ವಾಕ್ಯ: ‘ನನ್ನ ತೊಡಿ ಮ್ಯಾಲೆ ಮಲಗಿ ಎರಡು ನುಡಿ ಅಂದ, ಮೂರನೇದು ಆಗಲಿಲ್ಲ.’ ನಾನು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ನುಡಿ ಎಂದರೆ ಮಾತು, ಇದರಲ್ಲಿ ಅನುಮಾನ ಪಡುವುದೇನಿದೆ? ‘ಎರಡು ಮಾತು ಆಡಿದ’ ಎನ್ನುವ ಅರ್ಥದಲ್ಲಿ ಇಂಗ್ಲಿಷ್ ಮಾಡಿ ಕಳಿಸಿದೆ. ಎರಡು ಮಾತಿಗೇ ಉಸಿರು ನಿಂತಿದೆ ಎಂದರೆ ಸಾವು ಕೆಲವೇ ನಿಮಿಷಗಳಲ್ಲಿ ಆಗಿರಬೇಕು ಎಂದು ವೈದ್ಯರು ಬರೆದರು.

ಆ ಅಭಿಪ್ರಾಯವನ್ನು ನಾಗಮ್ಮನಿಗೆ ಓದಿ ತಿಳಿಸಲು ವಿಚಾರಣೆಯ ಅಧಿಕಾರಿ ನನ್ನನ್ನು ಕರೆಸಿದರು. ನಾನು ಹೇಳಿ ಮುಗಿಸುವವರೆಗೂ ಅವಳು ನೆಲ ನೋಡುತ್ತಿದ್ದಳು.

“ಮಾತಲ್ರೀ ಅಕ್ಕೋರ, ನುಡಿ,” ಅಂದಳು. “ಪದದ ನುಡಿ. ಭಜನ್ಯಾಗ ಹಾಡ್ತಿದ್ದ ಪದ ಅದು.”

ಅವರ ಕಡೆ ಪದ ಅಂದರೆ ಇಡೀ ಹಾಡು, ಪದ ಅನ್ನುವುದೆಂದರೆ ಹಾಡುವುದು. ಪಲ್ಲವಿಯ ನಂತರ ಬರುವ ಒಂದೊಂದು ಭಾಗವೂ ಒಂದು ನುಡಿ. ನಾವು ಶಾಲೆಯಲ್ಲಿ ಚರಣ ಎಂದು ಕಲಿತದ್ದು. ಪದ್ಯ, ಕವಿತೆ, ಚರಣಗಳ ವ್ಯತ್ಯಾಸವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನನಗೆ ಇದು ಗೊತ್ತಿರಲಿಲ್ಲ. ಆ ಎರಡು ನುಡಿಗಳನ್ನು ನಾಗಮ್ಮ ರಾಗವಿಲ್ಲದೆ, ಮೆಲ್ಲಗೆ ಹೇಳಿದಳು. ಒಂದೊಂದರಲ್ಲೂ ನಾಲ್ಕು ಸಾಲು, ಪ್ರತಿ ಸಲವೂ ಪಲ್ಲವಿ. ಮೊದಲನೆಯದು ಮುಗಿದ ಮೇಲೆ ಗಂಡ ನೀರು ಕೇಳಿದ್ದ, ಕಣ್ಣು ಮುಚ್ಚಿಕೊಂಡಿದ್ದ, ಆಮೇಲೆ ತಾನಾಗಿಯೇ ಎರಡನೆಯದನ್ನು ಹಿಡಿದಿದ್ದ. ಅಷ್ಟರಲ್ಲಿ ಅವಳು ಮೂರು ಸಲ ಎದ್ದು ಹೋಗಿ ಸೂಪರ್‌ವೈಸರನ ಕಾಲು ಹಿಡಿದು ಬಂದಿದ್ದಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಮೇಡಂ, ಒಂದು ಸಲ ಕೇಳ್ಬಹುದಿತ್ತಲ್ವಾ?” ಅಂದರು.

ಅಂದೇ ತಿದ್ದುಪಡಿ ಬರೆದುಕೊಟ್ಟೆ. ವೈದ್ಯರು ಅಭಿಪ್ರಾಯ ಬದಲಿಸಿ, ಆತ ಅರ್ಧ ಗಂಟೆಗೂ ಹೆಚ್ಚು ಬದುಕಿದ್ದಿರಬಹುದು ಎಂದರು. ಅದು ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಸೂಪರ್‌ವೈಸರ್ ಕೆಲಸ ಬಿಟ್ಟಿದ್ದ, ಜೊತೆಯ ಕೂಲಿಯವರು ಬೇರೆ ಬೇರೆ ಸೈಟುಗಳಿಗೆ ಚದುರಿದ್ದರು. ಸಾಕ್ಷಿ ಸಾಲದೆಂದು ವಿಚಾರಣೆ ಮುಗಿಯಿತು.

ಅದನ್ನು ತಿಳಿಸಲು ಕೆ.ಆರ್. ಪುರದ ಅವಳ ಬಾಡಿಗೆ ಕೋಣೆಗೆ ನಾನೇ ಹೋದೆ. ಕ್ಷಮೆ ಕೇಳಿದೆ.

“ಈಗರ ಕಾಗದದಾಗ ನುಡಿ ಅಂತ ಬರದೀರೇನ್ರೀ?” ಎಂದಷ್ಟೇ ಕೇಳಿದಳು.

ಬರೆದಿದ್ದೇನೆ ಎಂದೆ. ತಲೆಯಾಡಿಸಿ, ಕೆಲಸಕ್ಕೆ ಹೊತ್ತಾಯಿತೆಂದು ಬಾಗಿಲು ಎಳೆದುಕೊಂಡಳು.

ಆಮೇಲಿನ ಒಂದೂವರೆ ವರ್ಷ, ಹೇಳಿದವರನ್ನು ಕೂರಿಸಿಕೊಂಡು ಕೇಳದೆ ನಾನು ಒಂದು ಹೇಳಿಕೆಯನ್ನೂ ಅನುವಾದಿಸಲಿಲ್ಲ. ನಿಧಾನ ಎಂಬ ಹೆಸರು ಬಂತು. ಗೊತ್ತಿಲ್ಲದ ಪದಕ್ಕೆ ನಿಘಂಟು ತೆಗೆಯುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರೂ ತೆಗೆಯುವುದಿಲ್ಲ. ನಾನು ತಪ್ಪಿದ್ದು ಅಲ್ಲಿ.