ಶತ್ರುವಿಗೊಂದು ‘ರೀ’

ವಿಮಾನವನ್ನು ನಾನು ಹತ್ತಿದ್ದು ಒಂದೇ ಸಲ, ಅದೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. ಅಂಥವಳಿಗೆ ಫ್ರಾನ್ಸಿನ ಒಬ್ಬ ಚಿತ್ರಕಾರರ ವಿಮಾನದ ಕಾಮಿಕ್ಸನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿತು. ಧಾರವಾಡದಲ್ಲಿ ಫ್ರೆಂಚ್ ಕಲಿತು ಹಳಿಯಾಳದಲ್ಲಿ ಕೂತಿದ್ದೆ. ನನ್ನ ಮೊದಲ ಪುಸ್ತಕ! ಹಿಗ್ಗಿ ಹೀರೇಕಾಯಿಯಾದೆ.

ಆ ಅಜ್ಜನಿಗೆ ಎಂಬತ್ತು ದಾಟಿದೆ. ಪೈಲಟ್ ಆಗಬೇಕೆಂದು ಹೋದರೆ, ದೃಷ್ಟಿ ಸರಿಯಿಲ್ಲವೆಂದು ವಾಪಸು ಕಳಿಸಿದರಂತೆ. ಸಿಟ್ಟಿಗೆ ಪೆನ್ಸಿಲ್ ಹಿಡಿದವರು ಇವತ್ತಿಗೂ ಕೆಳಗಿಟ್ಟಿಲ್ಲ. ಮೊದಲು ಜಾಹೀರಾತು, ಆಮೇಲೆ ವಾರಪತ್ರಿಕೆಯಲ್ಲಿ ಎರಡು ಪುಟ, ಆಮೇಲೆ ಸಾಲುಸಾಲು ಪುಸ್ತಕ. ರೆಕ್ಕೆಯ ಒಂದು ಮೊಳೆಯನ್ನೂ ಬಿಡದೆ ಬರೆಯುವ ಹಟಮಾರಿ. ಅವರ ವಿಮಾನ ಪಲ್ಟಿ ಹೊಡೆದರೆ ಇಲ್ಲಿ ನಾನು ಮೇಜು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಪೈಲಟ್‌ಗಳ ಬಾಯಲ್ಲಿ ನಮ್ಮ ಕಡೆಯ ಮಾತನ್ನೇ ಇಟ್ಟೆ. ಹಳಿಯಾಳದ ಮಗ್ಗುಲಿನ ತೇರಗಾಂವದ ನಮ್ಮ ಮನೆಯಲ್ಲಿ ಅವ್ವ ಶೇಂಗಾ ಸುಲಿಯುತ್ತಾ ಕೂತರೆ ಅವಳೆದುರು ಓದುತ್ತಿದ್ದೆ. ಕೊನೆಯ ಪುಟದಲ್ಲಿ ಒಬ್ಬ ಪೈಲಟ್ ಶತ್ರು ಪೈಲಟ್‌ಗೆ ರೇಡಿಯೋದಲ್ಲಿ ಹೇಳುತ್ತಾನೆ: “ಕೆಳಗ ಇಳೀರಿ. ಇಲ್ಲಾಂದ್ರ ಹೊಡೀತೇನ್ರಿ.”

ಬೆಂಗಳೂರಿನ ಸಂಪಾದಕ ಫೋನಿನಲ್ಲೇ ನಕ್ಕ. “ಗುಂಡು ಹೊಡೆಯೋನು ರೀ ಅಂತಾನಾ? ‘ಲೋ, ಇಳಿಯೋ’ ಅಂತ ಹಾಕಿ.”

“ಮೂಲದಲ್ಲೂ ‘ನೀವು’ ಅಂತಾನೇ ಐತ್ರಿ.”

“ಮೂಲ ಯಾರು ನೋಡ್ತಾರೆ? ಬದಲಾಯಿಸಿ, ಇಲ್ಲಾಂದ್ರೆ ಪುಸ್ತಕ ಬೇರೆಯವರಿಗೆ ಕೊಡ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ಕೈತಪ್ಪುವ ಹೆದರಿಕೆಯೂ ಇತ್ತು. ಬಿಟ್ಟುಕೊಡಲೇ ಎಂದು ಅವ್ವನನ್ನು ಕೇಳಿದೆ.

“ಆ ವಿಮಾನದಾವ್ರ ಇಬ್ರದೂ ಗುರ್ತ ಐತೇನು?” ಅಂದಳು.

“ಇಲ್ಲ.”

“ಮತ್ತ? ಬೇಕಾರ ಹೊಡೀಲಿ. ಗುರ್ತಿಲ್ಲದ ಮನಿಷಾಗ ಲೇ ಅಂತಾರೇನು?”

ಚಿತ್ರಕಾರರು ಒಪ್ಪಿದರಷ್ಟೇ ಅಚ್ಚಿಗೆ ಎಂದು ಕರಾರಿತ್ತು. ಅವರನ್ನೇ ಕೇಳೋಣ ಎಂದು ಸಂಪಾದಕನಿಗೆ ಹೇಳಿದೆ. ವಿಡಿಯೋ ಕಾಲ್‌ನಲ್ಲಿ ಆ ಕಡೆ ಸಂಪಾದಕ, ಈ ಕಡೆ ನಾನು, ನನ್ನ ಹೆಗಲಿಗೆ ಆತುಕೊಂಡು ಅವ್ವ. ನಮ್ಮಲ್ಲಿ ಮಾತಿನ ತುದಿಗೆ ‘ರೀ’ ಎಂದು ಹಚ್ಚಿದರೆ ಎದುರಿನವರಿಗೆ ಮರ್ಯಾದೆ ಕೊಟ್ಟಂತೆ ಎಂದು ಅಜ್ಜನಿಗೆ ಫ್ರೆಂಚಿನಲ್ಲಿ ವಿವರಿಸಿದೆ. ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ನಗತೊಡಗಿದರು.

“ನನ್ನ ಮೊದಲ ಪುಸ್ತಕದಲ್ಲೂ ಸಂಪಾದಕರು ಅದೇ ‘ನೀವು’ ತೆಗೆಯಿರಿ ಎಂದಿದ್ದರು. ಪುಸ್ತಕವೇ ಬೇಡ ಎಂದು ಎದ್ದುಬಂದಿದ್ದೆ. ಮರುದಿನ ಅವರೇ ಕರೆದರು. ನೀವೂ ತೆಗೆಯುವುದು ಬೇಡ.”

ಅದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಸಂಪಾದಕ ಕಿವಿ ತುರಿಸಿಕೊಂಡು, “ಆಯ್ತು, ಇರಲಿ ಬಿಡಿ” ಎಂದ. ಪುಸ್ತಕ ನನ್ನದೇ ಆಯಿತು! ಕುಣಿಯುವಷ್ಟು ಖುಷಿ, ಕಣ್ಣಲ್ಲಿ ನೀರು ಬೇರೆ.

ಅಷ್ಟರಲ್ಲಿ ಅವ್ವ ಫೋನಿಗೆ ಮುಖ ತಂದು ಅಜ್ಜನನ್ನು ಕೇಳಿಬಿಟ್ಟಳು: “ಊಟಾ ಆತೇನ್ರೀ?”

ಅವರಿಗೆ ಊಟವೂ ತಿಳಿಯಲಿಲ್ಲ, ಆತೂ ತಿಳಿಯಲಿಲ್ಲ. ತುದಿಯದೊಂದು ಮಾತ್ರ ಕಿವಿಗೆ ಬಿತ್ತು. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು, ನನ್ನವ್ವನಿಗೆ ತಲೆಬಾಗಿದರು, “ರೀ” ಎಂದರು.