ಮಾಳಿಗೆಯ ಮಣ್ಣು ಇಳಿಸಿದ ಬೇಸಿಗೆ

೧೯೪೯ರ ಮೇ ತಿಂಗಳ ಒಂದು ಸೋಮವಾರ, ಬೆಳಗಿನ ಒಂಬತ್ತು ಗಂಟೆ. ನಾನು ಚಿಕ್ಕವನಿದ್ದಾಗ ಏನೇ ನಡೆದರೂ ದಿನ, ಹೊತ್ತು ಒಂದು ಪುಸ್ತಕದಲ್ಲಿ ಗುರುತು ಹಾಕಿಡುತ್ತಿದ್ದೆ. ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ, ಮಕ್ಕಳೇ.

ನಮ್ಮೂರು ಬಸವಕಲ್ಯಾಣ, ಆಗ ಕಲ್ಯಾಣಿ ಎನ್ನುತ್ತಿದ್ದರು. ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ರೂಢಿ. ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಮುತ್ತಾತನ ಕಾಲದ ಮಣ್ಣೂ ನಮ್ಮ ತಲೆಯ ಮೇಲೇ ಇತ್ತು. ಒಳಗೆ ಮಾತ್ರ ಬಾವಿಯಂಥ ತಂಪು.

ಆ ಬೆಳಿಗ್ಗೆ ಅಪ್ಪ ಮಾಳಿಗೆಯ ಮೇಲೆ ಮಣ್ಣು ಬಡಿಯುತ್ತಿದ್ದ. ಲೋಬಾನದ ಹೊಗೆ ತುಂಬಿದ ಒಳಕೋಣೆಯಲ್ಲಿ ಬಾಣಂತಿ ಅಕ್ಕ, ತೊಟ್ಟಿಲಲ್ಲಿ ಅವಳ ಹಸುಗೂಸು. ಅವ್ವನೂ ನಾನೂ ಅಂಗಳದಲ್ಲಿ ಶಾವಿಗೆ ಹರವುತ್ತಿದ್ದೆವು. ಇದ್ದಕ್ಕಿದ್ದಂತೆ ಕಾಗೆಗಳು ಸುಮ್ಮನಾದವು. ಆಮೇಲೆ ದೂರದಿಂದ ಗುಡುಗುಡು ಸದ್ದೊಂದು ಬಂದು ನಮ್ಮ ಅಂಗಾಲಿನಡಿ ಹಾಯ್ದುಹೋಯಿತು.

ಹಿಂದಿನ ವರ್ಷ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಹುಮನಾಬಾದದ ರಸ್ತೆಯಲ್ಲಿ ಮಿಲಿಟರಿ ಗಾಡಿಗಳು ಬಂದಾಗ ಇಂಥದೇ ಸದ್ದು ಕೇಳಿತ್ತು. ಊರೆಲ್ಲ ಆಗ ಕಲಿತ ಪಾಠ ಒಂದೇ: ಒಳಗೆ ಓಡು, ಅಗಳಿ ಹಾಕು. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಮೇಕೆಮರಿಯನ್ನು ಅವಚಿಕೊಂಡು ನಮ್ಮಲ್ಲಿಗೇ ನುಗ್ಗಿದಳು.

"ಫೌಜ್ ಬಂತವಾ! ಬಾಗಲಾ ಹಾಕ್ರಿ!"

ಎಲ್ಲರೂ ಅಕ್ಕನ ಕೋಣೆಯಲ್ಲಿ ಮುದುಡಿ ಕುಳಿತೆವು. ಗೂಡಿನ ತಾಮ್ರದ ತಂಬಿಗೆಗಳು ತಾವಾಗಿಯೇ ಕಿಣಿಕಿಣಿ ಎಂದವು. ತೊಲೆ ನರಳಿತು. ಕೂಸಿನ ಹಣೆಯ ಮೇಲೆ ಪುಡಿಮಣ್ಣು ಉದುರಿತು.

ಬೆಳಕಿಂಡಿಯಿಂದ ಅಪ್ಪನ ಕೂಗು ಇಳಿಯಿತು: "ರಸ್ತಾದಾಗ ಯಾರೂ ಇಲ್ಲ! ನೆಲಾನ ನಡಗಾಕತ್ತದ! ಹೊರಗ ಬರ್ರಿ!"

ಬಾಣಂತಿ ಹೊಸ್ತಿಲು ದಾಟಬಾರದು ಎಂಬುದು ಮನೆಯ ಕಟ್ಟು. ಅಕ್ಕ ಅಲುಗಲಿಲ್ಲ. "ಗಾಳಿ ಬಡದ್ರ ಹ್ಯಾಂಗ?"

"ಗಾಳಿ ಬಡದ್ರ ದವಾ ಅದ, ಮಾಳಗಿ ಬಡದ್ರ ಏನದ? ಏಳ ಬೇಟಿ!" ಎನ್ನುತ್ತ ಖಾಲಾ ತನ್ನ ಚಾದರವನ್ನೇ ಅವಳಿಗೆ ಹೊದಿಸಿ, ಕೂಸನ್ನು ಎತ್ತಿಕೊಂಡು ನಡೆದಳು. ಮೇಕೆಮರಿ ನನ್ನ ಪಾಲಿಗೆ ಬಂತು.

ಅಂಗಳದಲ್ಲಿ ನಿಂತಾಗ ನೆಲ ಮತ್ತೊಮ್ಮೆ ಮೈಕೊಡವಿತು. ಹಂಡೆಯ ನೀರಲ್ಲಿ ಉಂಗುರದೊಳಗೆ ಉಂಗುರ ಎದ್ದವು. ತುಂಬ ದೊಡ್ಡದೇನೋ ನಮ್ಮ ಕೆಳಗೆ ಮಲಗಿದ್ದು, ಮಗ್ಗುಲು ಬದಲಿಸಿದಂತಿತ್ತು.

ಒಳಗೆ ಹೋದರೆ, ಖಾಲಿ ತೊಟ್ಟಿಲಲ್ಲಿ ತೆಂಗಿನಕಾಯಿ ಗಾತ್ರದ ಮಣ್ಣಿನ ಹೆಂಟೆ. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, ತಲೆಯೆತ್ತಿ ಮಾಳಿಗೆಯನ್ನು ನೋಡಿದ. ಮರುದಿನದಿಂದ ಮಣ್ಣು ಏರಿಸುವ ಬದಲು ಇಳಿಸತೊಡಗಿದ.

ಓಣಿಯವರು ನಕ್ಕರು. "ಕರಿಕಲ್ಲಿನ ಸೀಮಿ ಇದು, ಮತ್ತ ಅಲಗಂಗಿಲ್ಲ. ಮಳಿಗಾಲದಾಗ ಛತ್ರಿ ಹಿಡದು ಮಲಗ್ತಿಯೇನೋ?"

"ಸೋರಿದ್ರ ಬೋಗಾಣಿ ಇಡ್ತೀನಿ," ಎಂದ ಅಪ್ಪ. ಆ ವರ್ಷ ನಿಜಕ್ಕೂ ಸೋರಿತು. ಮನೆಯ ಪಾತ್ರೆಗಳೆಲ್ಲ ನೆಲಕ್ಕಿಳಿದವು.

ಮುಂದೆ ೧೯೯೩ರಲ್ಲಿ ರಾಜ್ಯದ ಗಡಿಯಾಚೆಯ ಕಿಲ್ಲಾರಿ ನಡುಗಿತು. ಅಲ್ಲೂ ನಮ್ಮಂಥವೇ ಭಾರದ ಮಾಳಿಗೆಗಳು. ಸಾವಿರಾರು ಜನ ಅವುಗಳಡಿ ಸತ್ತರು. ಅಂದು ನಮ್ಮ ಮನೆಯೂ ತೂಗಿತು. ಹಗುರಾಗಿದ್ದ ಮಾಳಿಗೆ ನಿಂತಿತು.

ನಿಮ್ಮ ಮನೆಗೆ ಸಿಮೆಂಟಿನ ಚಾವಣಿ ಇದೆ. ಎಲ್ಲೋ ನೆಲ ನಡುಗಿದರೆ ಫೋನು ಹೇಳುತ್ತದೆ. ನಮಗೆ ತಂಬಿಗೆಗಳು ಹೇಳಿದ್ದವು. ಕೆಳಗಿನ ನೆಲ ಮಾತ್ರ ಅದೇ. ಇಲ್ಲಿ ನಡುಗುವುದಿಲ್ಲವೆಂದು ಅದು ಯಾರಿಗೂ ಮಾತು ಕೊಟ್ಟಿಲ್ಲ.

ಆ ಸೋಮವಾರ ಹುಮನಾಬಾದ, ಮಂಠಾಳ, ಹುಲಸೂರಿನಲ್ಲೂ ನಡುಗಿತ್ತೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ. ಗೊತ್ತಿದ್ದವರು ನನಗೆ ಬರೆಯಿರಿ. ನನ್ನ ಪುಸ್ತಕದಲ್ಲಿ ಆ ದಿನದ ಕೆಳಗೆ ಇನ್ನೂ ಜಾಗ ಬಿಟ್ಟಿದ್ದೇನೆ.