ಹಾಜರಿ ಕೂಗುತ್ತಿದ್ದ ಯಂತ್ರ

ಬೆಳಗಿನ ಐದು ಗಂಟೆ. ಹೊಸೂರಿನ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಉಷಾರಾಣಿ ಸ್ವೆಟರ್ ಮೇಲೆ ಶಾಲು ಹೊದ್ದು ಪರದೆಯ ಅಂಕಿಗಳನ್ನು ನೋಡುತ್ತಿದ್ದಾರೆ. ಕೋಣೆಯಲ್ಲಿ ಅವರು, ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು, ಇಬ್ಬರೇ. ಆದರೂ ಅವರು ಪಿಸುಮಾತಲ್ಲಿ ಮಾತಾಡುತ್ತಾರೆ, ನಾನೂ ಯಾಕೋ ಹಾಗೇ ಮಾತಾಡುತ್ತೇನೆ.

"ಇರಾದು ಒಂದೇ ಮಿಷನ್ನು ಸಾರ್. ಅದ್ರೊಳ್ಗೆ ಹತ್ತು ಮಿಷನ್ ಮಾಡಿಕ್ಕಿದೀವಿ. ಒಂದೊಂದೂ ಇಡೀ ಮನೆ ನಂದೇ ಅಂದ್ಕಂಡೈತೆ."

ಒಂದು ದೊಡ್ಡ ಕಂಪ್ಯೂಟರಿನೊಳಗೆ ಬರೀ ಪ್ರೋಗ್ರಾಂನಿಂದ ಮಾಡಿದ ಹತ್ತು ಕಂಪ್ಯೂಟರು, ವಠಾರ ಇದ್ದ ಹಾಗೆ. ಪಕ್ಕದವರು ನೀರು ಹಿಡಿದರೆ ನಮ್ಮ ನಲ್ಲಿ ಸಣ್ಣಗಾಗುತ್ತದೆ. ಯಾಕೆಂದು ಒಳಗಿದ್ದವರಿಗೆ ತಿಳಿಯುವುದಿಲ್ಲ. ದೊಡ್ಡ ಯಂತ್ರ ಎಷ್ಟು ದುಡಿಯಿತು, ಎಲ್ಲಿ ತಡವರಿಸಿತು ಎಂಬ ಎಣಿಕೆ ಒಳಗಿನ ಯಂತ್ರಗಳಿಗೂ ಕಾಣುವಂತೆ ಮಾಡುವುದು ಇವರ ಕೆಲಸ. ಒಂಬತ್ತು ವರ್ಷದಿಂದ ರಾಯಕೋಟೆಯಿಂದ ಮೊದಲ ಬಸ್ಸಿಗೆ ಬರುವ ಇವರ ಹೆಸರು ಕಾರ್ಖಾನೆಯಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹೋದ ತಿಂಗಳು ಹೊಸ ದೊಡ್ಡ ಯಂತ್ರ ಬಂದಮೇಲೆ, ಪಾಳಿಪಟ್ಟಿ ತಯಾರಿಸುವ ಒಳಯಂತ್ರ ದಿನಾ ಐದು ಹತ್ತಕ್ಕೆ ಮಂಕಾಗತೊಡಗಿತು. ಪಟ್ಟಿ ಬಾರದೆ ಮೊದಲ ಪಾಳಿಯವರು ಗೇಟಿನಲ್ಲೇ ನಿಂತರು. ಮೇಲಿನವರು ಪಾಳಿಪಟ್ಟಿಯ ಪ್ರೋಗ್ರಾಂ ಬರೆದ ಕುಮಾರೇಶ್ ಮೇಲೆ ಗೂಬೆ ಕೂರಿಸಿ, ಶನಿವಾರದೊಳಗೆ ಸರಿಹೋಗದಿದ್ದರೆ ಮನೆಗೆ ಹೋಗು ಎಂದರು. ಉಷಾರಾಣಿ ಆ ಒಳಯಂತ್ರಕ್ಕೆ ದೊಡ್ಡ ಯಂತ್ರದ ಎಣಿಕೆ ಕಾಣುವಂತೆ ತೆರೆದುಕೊಟ್ಟರು. ತಪ್ಪು ಅದರದಲ್ಲ, ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಒಳಯಂತ್ರ ದುಡಿಯುತ್ತಿತ್ತು. ಕಾಗದದಲ್ಲಿ ಹತ್ತು ಹೆಸರು, ಒಳಗೆ ಹನ್ನೊಂದು.

ಹನ್ನೊಂದನೆಯದು ಮರಿಸ್ವಾಮಿಯವರದು. ಉಷಾರಾಣಿಗೆ ಕೆಲಸ ಕಲಿಸಿದವರು, ತೀರಿಕೊಂಡು ಎರಡು ವರ್ಷ. ಬೆಳಿಗ್ಗೆ ಎಲ್ಲ ಯಂತ್ರಗಳ ಹೆಸರು ಕೂಗಿ ಹಾಜರಿ ಹಿಡಿಯುವ ಕೆಲಸಕ್ಕೆ ಅದನ್ನು ಹಚ್ಚಿದ್ದರು. ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಬಿಟ್ಟುಬರಲು ಮನಸ್ಸಾಗದೆ ಉಷಾರಾಣಿಯೇ ಗುಟ್ಟಾಗಿ ತಂದಿದ್ದರು. ಸಾಗಿಸುವಾಗ ಉಳಿದವಕ್ಕೆಲ್ಲ ಹೊಸ ಹೆಸರು ಬಂತು, ಅದು ಕೂಗುವ ಹಳೆಯ ಹೆಸರಿನವು ಈಗ ಒಂದೂ ಇಲ್ಲ. ಉತ್ತರ ಸಿಗದೆ ಅದು ಕೂಗುತ್ತಲೇ ಇತ್ತು, ಒಂದೊಂದು ಬೆಳಿಗ್ಗೆ ನಲವತ್ತು ಸಾವಿರ ಸಲ. ಆ ದಾಖಲೆಯನ್ನು ಅವರು ಪರದೆಯ ಮೇಲೆ ನನಗೆ ತೋರಿಸಿದರು.

"ನಾನೇ ತಂದಿದ್ದು ಅಂತ ಮೇಲ್ನೋರ್ಗೆ ಹೇಳ್ಬುಟ್ಟೆ. ಕುಮಾರೇಶು ಉಳ್ಕಂಡ. ನಂಗೆ ಈ ವರ್ಷ ಬಡ್ತಿ ಇಲ್ಲ, ಹೋಗ್ಲಿ."

ಆ ಹನ್ನೊಂದನೆಯದನ್ನು ನಿಲ್ಲಿಸಲು ಅಪ್ಪಣೆಯಾದ ದಿನ ಅವರು ತಕ್ಷಣ ನಿಲ್ಲಿಸಲಿಲ್ಲ. ಐದು ಹತ್ತರವರೆಗೂ ಕಾದರು.

"ಕೂಗ್ತಿರೋರ ಬಾಯಿ ಹೆಂಗ್ ಮುಚ್ಚಾದು ಸಾರ್? ಒಂದೊಂದ್ ಹೆಸ್ರಿಗೂ ಉತ್ರ ಕೊಟ್ಕಂಡ್ ಬಂದೆ. ಕೊನೇದು ಉಷಾ ಅಂತಿತ್ತು. ನಾನು ಕಲಿಯಾಕಂತ ಮರಿಸ್ವಾಮಿ ಸಾರು ಕೊಟ್ಟಿದ್ ಮಿಷನ್ಗೆ ನನ್ ಹೆಸ್ರೇ ಇಕ್ಕಿದ್ರು. 'ಇದೀನಿ ಸಾರ್' ಅಂತ ಟೈಪ್ ಮಾಡ್ದೆ. ಆಗ ಸುಮ್ಕಾದ್ರು."